ಮೀನು ತಿನ್ನದ ಮನೆಯಲ್ಲಿ ಮೀನಿನ ವಾಸನೆ

ಮೋರ್ಲಿ, ಪರ್ತ್
ಆಗಸ್ಟ್ ತಿಂಗಳ ಕೊನೆಯ ಭಾನುವಾರ

ಇನ್ನೂ ಮುಖ ತೋರಿಸದ ನನ್ನ ಕಂದಾ,

ನೀನು ಬರಲು ಇನ್ನು ಐದು ವಾರ ಎಂದು ನಿನ್ನ ಅಮ್ಮ ಭಾವನಾ ಹೇಳುತ್ತಾಳೆ. ಅವಳು ಡಾಕ್ಟರು, ಅವಳ ಮಾತಿಗೆ ನಾನು ಎದುರಾಡುವುದಿಲ್ಲ. ನಾನು ಅವಳ ತಾಯಿ, ನಿನ್ನ ಅಜ್ಜಿ ಬನಶಂಕರಿ. ಮೂವತ್ತನಾಲ್ಕು ವರ್ಷ ಮೈಸೂರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದವಳು. ತಪ್ಪು ಮಾಡಿದವರು ತಾವೇ ಎದ್ದು ನಿಂತು ಹೇಳಬೇಕು, ಇದು ನನ್ನ ತರಗತಿಯ ಮೊದಲ ನಿಯಮ. ಆ ನಿಯಮ ಈ ವರ್ಷ ಸುತ್ತಿ ಬಳಸಿ ನನ್ನ ಕೊರಳಿಗೇ ಬಂತು. ಮೈಸೂರಿನಲ್ಲಿರುವ ನಿನ್ನ ಅಜ್ಜ ಸದಾಶಿವ ಈ ಕಥೆಗೆ ಉಪ್ಪು ಖಾರ ಹಚ್ಚಿ ಈಗಾಗಲೇ ಅರ್ಧ ಊರಿಗೆ ಹಂಚಿದ್ದಾರೆ. ಅವರ ಬಾಯಿಂದ ನೀನು ಕೇಳುವ ಮೊದಲು ನಾನೇ ಬರೆದಿಡುತ್ತೇನೆ.

ಬಾಣಂತನ ಮಾಡಲೆಂದು ನಾನು ಮೇ ತಿಂಗಳಲ್ಲಿ ಇಲ್ಲಿಗೆ ಬಂದೆ. ಆಸ್ಟ್ರೇಲಿಯಾ ಎಂದರೆ ಬಿಸಿಲು ಎಂದುಕೊಂಡು ಹತ್ತಿ ಸೀರೆ ತುಂಬಿಕೊಂಡು ಬಂದವಳಿಗೆ ಜೂನ್ ಬರುವಷ್ಟರಲ್ಲಿ ಹಲ್ಲು ಕಟಕಟ ಎನ್ನತೊಡಗಿತು. ಹೊರಗಿನ ಚಳಿಗಿಂತ ಮನೆಯೊಳಗಿನದೇ ಹೆಚ್ಚು. ನಿನ್ನ ಅಮ್ಮನ ಸ್ನೇಹಿತರೆಲ್ಲ ಪಿಯಾರಾ ವಾಟರ್ಸ್ ಎಂಬ ಹೊಸ ಬಡಾವಣೆಯಲ್ಲಿ ಬಣ್ಣದ ವಾಸನೆ ಆರದ ಹೊಸ ಮನೆ ಕೊಂಡರೆ, ಇವಳು ಆಸ್ಪತ್ರೆಗೆ ಹತ್ತಿರ, ಹಿತ್ತಲಲ್ಲಿ ನಿಂಬೆಗಿಡ ಇದೆ ಎಂದು ಮೋರ್ಲಿಯ ಈ ಇಟ್ಟಿಗೆ ಮನೆಗೆ ಮನಸೋತಿದ್ದಳು. ನನಗಿಂತ ಎರಡೇ ವರ್ಷ ಚಿಕ್ಕ ಮನೆ ಇದು. ನನ್ನ ಮಂಡಿ ಹೇಗೆ ಕಿರುಗುಟ್ಟುತ್ತದೋ ಇದರ ಬಾಗಿಲುಗಳೂ ಹಾಗೆಯೇ.

ನಿನ್ನ ಅಪ್ಪ ಸುಮಂತ ಉತ್ತರದ ಕಬ್ಬಿಣದ ಗಣಿಯಲ್ಲಿ ಇಂಜಿನಿಯರ್. ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಹೀಗಾಗಿ ಮನೆಯಲ್ಲಿ ಹೆಚ್ಚು ಹೊತ್ತು ನಾವು ಮೂವರು ಹೆಂಗಸರೇ. ಮೂರನೆಯವಳು ನಿಸರ್ಗ. ಕಾರವಾರದ ಹುಡುಗಿ, ನರ್ಸಿಂಗ್ ಓದುತ್ತಾಳೆ, ಬಿಡುವಿನಲ್ಲಿ ಮೋರ್ಲಿಯ ದೊಡ್ಡ ಶಾಪಿಂಗ್ ಸೆಂಟರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಅಡುಗೆಮನೆಗೆ ಅಂಟಿಕೊಂಡ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಾಳೆ. ಅವಳದು ಮೀನು ತಿನ್ನುವ ಮನೆತನ. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಇದನ್ನು ನೆನಪಿಟ್ಟುಕೋ, ಮುಂದಿನ ಅವಾಂತರವೆಲ್ಲ ಇಲ್ಲಿಂದಲೇ ಶುರು.

ಜೂನ್‌ನ ಒಂದು ಬೆಳಗ್ಗೆ ನಾನೊಬ್ಬಳೇ ಇದ್ದೆ. ಅಡುಗೆಮನೆಯ ಒಂದೇ ಪ್ಲಗ್ಗಿಗೆ ಕವಲು ಹಾಕಿ, ಒಂದರಲ್ಲಿ ಹೀಟರ್, ಇನ್ನೊಂದರಲ್ಲಿ ನೀರು ಕಾಯಿಸುವ ಕೆಟಲ್. ಪಕ್ಕದ ಪ್ಲಗ್ಗಿನಲ್ಲಿ ದೋಸೆಗೆ ರುಬ್ಬುವ ಗ್ರೈಂಡರ್. ಠಪ್ ಎಂದಿತು, ಎಲ್ಲ ನಿಂತಿತು. ನಾನು ಹೆದರಲಿಲ್ಲ. ಹೆದರುವುದೇನು, ಸಂಭ್ರಮವೇ ಆಯಿತು! ಮದುವೆಯಾದ ಹೊಸದರಲ್ಲಿ ನಾವು ವಠಾರದಲ್ಲಿದ್ದೆವು. ಎಂಟು ಮನೆಯ ಗಂಡಸರು ಫ್ಯೂಸ್ ಹೋದರೆ ಬೀದಿಗೆ ಬಂದು ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಸೆರಗು ಸಿಕ್ಕಿಸಿ ಸ್ಟೂಲು ಹತ್ತಿ ತಂತಿ ಕಟ್ಟುತ್ತಿದ್ದವಳು ನಾನು. ಬೆಳಕು ಬಂದಾಗ ಎಂಟು ಮನೆಯಿಂದ “ಬಂತು, ಬಂತು” ಎಂಬ ಕೂಗೇಳುತ್ತಿತ್ತು. ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಮುಂದಿನ ಗೋಡೆಯ ಮೀಟರ್ ಪೆಟ್ಟಿಗೆ ತೆರೆದೆ. ಅದೇ ಬಿಳಿ ಪಿಂಗಾಣಿ ಫ್ಯೂಸುಗಳು, ನನ್ನ ವಠಾರದವೇ! ಹಳೆಯ ಗೆಳತಿಯರನ್ನು ಕಂಡಂತಾಯಿತು. ಮೇನ್ ಆಫ್ ಮಾಡಿ, ಸುಟ್ಟದ್ದನ್ನು ಕಿತ್ತು, ಶೆಡ್ಡಿನಲ್ಲಿ ಬಿದ್ದಿದ್ದ ದಪ್ಪ ವೈರಿನ ತುಂಡು ಸುಲಿದು ತಾಮ್ರದ ಎಳೆ ತೆಗೆದೆ. ವಠಾರದಲ್ಲಿ ನಮ್ಮದೊಂದು ಪದ್ಧತಿ: ಒಂದೆಳೆ ಹೋದರೆ ಎರಡೆಳೆ, ಎರಡೆಳೆಯೂ ಹೋದರೆ ಮೂರೆಳೆ. ಇಲ್ಲಿ ಬಸುರಿ ಇರುವ ಮನೆ, ಪದೇ ಪದೇ ಕತ್ತಲಾಗುವುದು ಬೇಡ ಎಂದು ಮೊದಲೇ ಮೂರೆಳೆ ತೆಗೆದು ಜಡೆ ಹೆಣೆದ ಹಾಗೆ ಹೆಣೆದು ಕಟ್ಟಿದೆ. ಸ್ವಿಚ್ ಒತ್ತಿದೆ. ಬಂತು! ಸಂಜೆ ಫೋನಿನಲ್ಲಿ ಜಂಬ ಕೊಚ್ಚಿಕೊಂಡೆ. ನಿಮ್ಮಜ್ಜ, “ವಠಾರದ ಇಂಜಿನಿಯರಮ್ಮ ಫಾರಿನ್ನಿಗೂ ಹೋದ್ಲಪ್ಪ” ಎಂದರು. ಭಾವನಾಳಿಗೆ ಮಾತ್ರ, “ಫ್ಯೂಸ್ ಹೋಗಿತ್ತು, ಸರಿ ಮಾಡ್ದೆ” ಎಂದಷ್ಟೇ ಹೇಳಿದೆ. ಡ್ಯೂಟಿ ಮುಗಿಸಿ ಬಂದವಳಿಗೆ ಅದು ಕಿವಿಗೆ ಬಿತ್ತೋ ಇಲ್ಲವೋ.

ಅಲ್ಲಿಂದ ಒಮ್ಮೆಯೂ ಫ್ಯೂಸ್ ಹೋಗಲಿಲ್ಲ. ಎರಡು ವಾರ ಕಳೆದ ಮೇಲೆ ಮನೆಯಲ್ಲಿ ಮೀನಿನ ವಾಸನೆ ಶುರುವಾಯಿತು.

ನಾನು ಜನ್ಮದಲ್ಲಿ ಮೀನು ಮುಟ್ಟಿದವಳಲ್ಲ. ಮೈಸೂರಿನಲ್ಲಿ ಮೀನಿನ ಮಾರುಕಟ್ಟೆಯ ರಸ್ತೆ ಬಂದರೆ ಮೂಗು ಮುಚ್ಚಿ ಆಚೆ ಬದಿಗೆ ದಾಟುತ್ತಿದ್ದವಳು. ಆದರೂ ಆ ವಾಸನೆ ಗೊತ್ತು ಎಂಬ ಧೈರ್ಯ. ಅಡುಗೆಮನೆಯ ಮೂಲೆಯಲ್ಲಿ, ಸಂಜೆ ಹೊತ್ತು, ಅದೂ ನಿಸರ್ಗ ಮನೆಗೆ ಬಂದ ಮೇಲೆ. ಅವಳ ಕೋಣೆಯ ಬಾಗಿಲ ಬಳಿ ಇನ್ನೂ ಗಾಢ. ಇನ್ನೇನು ಸಾಕ್ಷಿ ಬೇಕು? ನಿನ್ನ ಅಮ್ಮ ಮೂಗಿಗೆ ದುಪಟ್ಟಾ ಒತ್ತಿಕೊಂಡು ತಟ್ಟೆ ಬಿಟ್ಟು ಏಳುತ್ತಿದ್ದಳು. ಒಂದು ತುತ್ತು ಹೆಚ್ಚು ತಿನ್ನಲಿ ಎಂದು ನಾನು ಏಳು ಸಮುದ್ರ ದಾಟಿ ಬಂದರೆ, ಈ ಹುಡುಗಿ ಕದ್ದು ಮೀನು ಹುರಿದು ನನ್ನ ಮಗಳ ಊಟ ಕೆಡಿಸುತ್ತಿದ್ದಾಳೆ ಎಂದು ನನ್ನ ಪಿತ್ತ ನೆತ್ತಿಗೇರಿತು.

ಕಂದಾ, ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಅವಳು ಕ್ಲಾಸಿಗೆ ಹೋಗಿದ್ದಾಗ ನಾನು ಅವಳ ಕೋಣೆಗೆ ನುಗ್ಗಿ ಕಪಾಟು ಹುಡುಕಿದೆ. ಸಿಕ್ಕಿದ್ದು ಒಂದು ಬಾಟಲಿ ಕೊಬ್ಬರಿ ಎಣ್ಣೆ, ಒಂದು ಪೊಟ್ಟಣ ಕೋಕಂ, ಅಮ್ಮನ ಫೋಟೋ. ಮೀನಿನ ಒಂದು ಮುಳ್ಳೂ ಇಲ್ಲ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ತಿಂದು ತೊಳೆದಿಟ್ಟಿದ್ದಾಳೆ, ಜಾಣೆ ಎಂದುಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ.

ಆ ಶನಿವಾರ ಮಧ್ಯಾಹ್ನ ಭಾವನಾ ಆಸ್ಪತ್ರೆಯಲ್ಲಿದ್ದಳು. ಮಳೆ, ಚಳಿ, ಬೆಳಗಿನಿಂದ ಹೀಟರ್ ಉರಿಯುತ್ತಿತ್ತು. ವಾಸನೆ ಗಂಟಲಿಗೆ ಇಳಿಯುವಷ್ಟು. ನಿಸರ್ಗ ಕೆಲಸದಿಂದ ಬಂದು ಶೂ ಬಿಚ್ಚುವುದನ್ನೂ ಕಾಯದೆ ಹಿಡಿದುಕೊಂಡೆ. “ನೋಡಮ್ಮ, ನಿಮ್ಮ ಊಟ ನಿಮಗೆ, ನಾನು ಬೇಡ ಅನ್ನಲ್ಲ. ಆದ್ರೆ ಬಸುರಿ ಹೆಂಗಸು ಇರೋ ಮನೇಲಿ ಕದ್ದು ಮೀನು ಮಾಡ್ತೀಯಲ್ಲ, ನಿಂಗೆ ಕರುಣೆ ಇಲ್ವಾ? ಹಾಗಿದ್ರೆ ಬೇರೆ ಮನೆ ನೋಡ್ಕೋ.”

ಅವಳು ಒಂದು ಕೈಯಲ್ಲಿ ಶೂ ಹಿಡಿದೇ ನಿಂತಿದ್ದಳು. “ಆಂಟಿ, ಈ ಮನೆಗೆ ಬಂದು ಹತ್ತು ತಿಂಗಳಾಯ್ತು, ಒಂದ್ಸಲಾನೂ ಮೀನು ತಂದಿಲ್ಲ. ತಿನ್ಬೇಕು ಅನ್ಸಿದ್ರೆ ಶಾಪಿಂಗ್ ಸೆಂಟರಲ್ಲೇ ತಿಂದು, ಅಲ್ಲೇ ಕೈ ತೊಳ್ಕೊಂಡು ಬರ್ತೀನಿ” ಎಂದಳು. ಆಮೇಲೆ ಅಳು ನುಂಗಿಕೊಂಡು, “ವಾಸನೆ ನಂಗೂ ಬರ್ತಿದೆ. ಆದ್ರೆ ನಮ್ಮಮ್ಮ ಕಾರವಾರದ ಮಾರ್ಕೆಟ್ಟಲ್ಲಿ ಮೀನು ಮಾರ್ತಾರೆ ಆಂಟಿ. ಬಂಗಡೆ, ತಾರ್ಲೆ, ಒಣಮೀನು, ಕೊಳೆತ ಮೀನು, ಎಲ್ಲಾ ಕಣ್ಮುಚ್ಚಿ ಹೇಳ್ತೀನಿ. ಇದು ಮೀನಲ್ಲ.”

ಹಾಗೆಂದವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವಳು ಶೂ ಕೆಳಗಿಟ್ಟು, ಮೂಗು ಮುಂದೆ ಮಾಡಿಕೊಂಡು ಗೋಡೆಯುದ್ದಕ್ಕೂ ನಡೆದಳು. ಫ್ರಿಜ್ಜು ದಾಟಿ, ಸಿಂಕು ದಾಟಿ, ಹೀಟರಿನ ಪ್ಲಗ್ಗಿನ ಹತ್ತಿರ ನಿಂತಳು. ಕೈಯ ಹಿಂಬದಿಯನ್ನು ಗೋಡೆಗೆ ತಾಗಿಸಿ ತಟ್ಟನೆ ಹಿಂದೆಳೆದಳು. “ಆಂಟಿ, ಗೋಡೆ ಸುಡ್ತಿದೆ!”

ನಾನೂ ಮುಟ್ಟಿದೆ. ಆಗಷ್ಟೇ ಇಳಿಸಿದ ದೋಸೆ ಕಾವಲಿಯಂತೆ ಇತ್ತು. ಆ ಕ್ಷಣದಲ್ಲಿ ನನ್ನ ಮೈಯ ಬಿಸಿಯೆಲ್ಲ ಇಳಿದುಹೋಯಿತು. ಆ ಗೋಡೆಯ ಆಚೆ ಬದಿಗೇ ನಿಸರ್ಗಳ ಮಂಚ. ಅದರ ಪಕ್ಕದ ಕೋಣೆಯಲ್ಲಿ, ನಿನ್ನ ಅಮ್ಮ ಹಳದಿ ಬಣ್ಣ ಬಳಿಸಿ ಇಟ್ಟಿರುವ ನಿನ್ನ ತೊಟ್ಟಿಲು. ಓಡಿದೆ. ಅರವತ್ತೊಂದರ ಮಂಡಿ ಎಲ್ಲಿತ್ತೋ ಕಾಣೆ, ಮೀಟರ್ ಪೆಟ್ಟಿಗೆಗೆ ಓಡಿ ಮೇನ್ ಇಳಿಸಿದೆ. ನಿಸರ್ಗ ಭಾವನಾಳಿಗೆ ಫೋನ್ ಮಾಡಿದಳು, ಭಾವನಾ ಎಲೆಕ್ಟ್ರಿಷಿಯನ್‌ಗೆ ಮಾಡಿದಳು.

ಒಂದು ಗಂಟೆಯೊಳಗೆ ಬಿಳಿ ವ್ಯಾನು ಬಂತು. ಇಳಿದದ್ದು ಒಬ್ಬ ಹೆಂಗಸು! ಡೆಬ್ಬಿ ಎಂದು ಹೆಸರು. ಐವತ್ತರ ಆಸುಪಾಸು, ತೋಳಿನ ಮೇಲೆ ಹಚ್ಚೆಯ ಹಕ್ಕಿ, ಸೊಂಟದಲ್ಲಿ ಹತಾರುಗಳ ಪಟ್ಟಿ. ವಠಾರದ ಸ್ಟೂಲಿನ ಮೇಲೆ ನಿಂತಿದ್ದ ನನ್ನನ್ನೇ ಯಾರೋ ಓದಿಸಿ, ಲೈಸೆನ್ಸ್ ಕೊಟ್ಟು ಕಳಿಸಿದಂತೆ ಕಂಡಳು. ಅವಳ ಇಂಗ್ಲಿಷು ನನ್ನ ಕಿವಿಗೆ ಅರ್ಧ ಮಾತ್ರ ದಕ್ಕಿತು, ಉಳಿದರ್ಧವನ್ನು ನಿಸರ್ಗ ಕನ್ನಡಕ್ಕೆ ತಂದಳು. ಪ್ಲಗ್ಗಿನ ತಟ್ಟೆ ಬಿಚ್ಚಿದಾಗ ಅದರ ಬೆನ್ನು ಕಂದಿ ಕರಗಿತ್ತು. ಒಳಗಿನ ತಂತಿಯ ಹೊದಿಕೆ ಮುಟ್ಟಿದರೆ ಹಪ್ಪಳದಂತೆ ಪುಡಿಯಾಯಿತು. ಡೆಬ್ಬಿ ಮೂಗೇರಿಸಿ, “ಮೀನು, ಅಲ್ವಾ? ಬಿಸಿಯಾದ ಪ್ಲಾಸ್ಟಿಕ್ಕು ಹಾಗೇ ನಾರುತ್ತೆ. ತುಂಬ ಜನ ಫ್ರಿಜ್ಜು ತೊಳೀತಾ ಕೂರ್ತಾರೆ” ಎಂದಳು. ನಾನು ನಿಸರ್ಗಳ ಮುಖ ನೋಡಲಿಲ್ಲ.

ಅಷ್ಟು ಹೊತ್ತಿಗೆ ಭಾವನಾ ಬಂದಳು. ಡೆಬ್ಬಿ ಮೀಟರ್ ಪೆಟ್ಟಿಗೆಗೆ ಹೋಗಿ ಪಿಂಗಾಣಿ ಫ್ಯೂಸನ್ನು ಎಳೆದಳು. ನನ್ನ ಮೂರೆಳೆ ಜಡೆ ಅವಳ ಅಂಗೈ ಮೇಲೆ ಕುಳಿತಿತ್ತು. ಅವಳ ನಗು ಹಾರಿಹೋಯಿತು. “ಇದನ್ನು ಕಟ್ಟಿದ್ದು ಯಾರು?”

“ಹಿಂದಿನ ಓನರ್ ಇರ್ಬೇಕು, ವಯಸ್ಸಾದವರು” ಎಂದಳು ಭಾವನಾ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಎಂಥ ಸುಲಭದ ದಾರಿ ಮಗು! ಹಿಂದಿನ ಓನರ್ ಬಂದು ಅಲ್ಲ ಎನ್ನುವುದಿಲ್ಲ. ಇದು ಅಳಿಯನ ಮನೆ, ಹೆಣ್ಣು ಕೊಟ್ಟ ಮನೆ. ಬಾಣಂತನಕ್ಕೆ ಬಂದ ಅತ್ತೆ ಮನೆಗೆ ಬೆಂಕಿ ಇಡಲು ಹೊರಟಿದ್ದಳು ಎಂದು ನಾಳೆ ಬೀಗರ ಕಿವಿಗೆ ಬಿದ್ದರೆ? ಆಗ ಡೆಬ್ಬಿ ಇನ್ನೊಂದು ಮಾತು ಹೇಳಿದಳು. ಈ ತಂತಿ ವರ್ಷಗಟ್ಟಲೆ ಇಲ್ಲಿದೆಯೋ, ಕೆಲವೇ ವಾರಗಳಿಂದಲೋ ತನಗೆ ತಿಳಿಯಬೇಕು, ಗೋಡೆಯೊಳಗೆ ಎಲ್ಲೆಲ್ಲಿ ಹುಡುಕಬೇಕು ಎನ್ನುವುದು ಅದರ ಮೇಲೆ ನಿಂತಿದೆ ಎಂದು. ನಿಸರ್ಗ ಅದನ್ನು ಕನ್ನಡದಲ್ಲಿ ಹೇಳಿದಳು. ಅವಳಿಗೆ ಗೊತ್ತಿತ್ತು. ನಾನು ಫೋನಿನಲ್ಲಿ ಜಂಬ ಕೊಚ್ಚಿದ್ದು ಅವಳ ಕೋಣೆಗೆ ಕೇಳದೆ ಇರುತ್ತದೆಯೇ? ಆದರೂ ಅವಳು ತುಟಿ ಬಿಚ್ಚಲಿಲ್ಲ. ಆ ಮೌನವೇ ನನ್ನನ್ನು ಬೆನ್ನು ತಟ್ಟಿ ಎಬ್ಬಿಸಿತು.

“ನಾನು ಕಟ್ಟಿದ್ದು. ಮೂರು ವಾರ ಆಯ್ತು” ಎಂದೆ ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿಯೂ ಹೇಳಿದೆ. ಆಮೇಲೆ ಅಲ್ಲಿಯೇ, ಮಗಳ ಎದುರಿಗೇ, ನಿಸರ್ಗಳ ಕಡೆ ತಿರುಗಿದೆ. “ನಿನ್ನ ಮೇಲೆ ಹೊರಿಸಿದ್ದೂ ನಾನೇ. ನೀನಿಲ್ಲದಾಗ ನಿನ್ನ ಕಪಾಟು ಹುಡುಕಿದೆ. ತಪ್ಪಾಯ್ತು ಕಣಮ್ಮ.” ಮೂವತ್ತನಾಲ್ಕು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ನಾನು ಆ ಮಾತು ಹೇಳಿರಲಿಲ್ಲ. ನಿಸರ್ಗ ಕಣ್ಣೊರೆಸಿಕೊಂಡು, “ಬಿಡಿ ಆಂಟಿ. ಊರಲ್ಲಿ ಕಾಲೇಜಿಗೆ ಹೋಗುವಾಗ ಮೀನಿನವಳ ಮಗಳು ಅಂತ ಎಲ್ರೂ ಮೂಗು ಮುಚ್ಕೋತಿದ್ರು. ಇವತ್ತು ಫಸ್ಟ್ ಟೈಮ್ ನನ್ನ ಮೂಗಿಗೆ ಮರ್ಯಾದೆ ಸಿಕ್ತು” ಎಂದಳು. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ.

ಡೆಬ್ಬಿ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು, “ನಮ್ಮಜ್ಜಿ ಫ್ಯೂಸ್ ತಂತಿ ಬದಲು ಮೊಳೆ ಸಿಕ್ಕಿಸ್ತಿದ್ರು” ಎಂದಳು. ಆಮೇಲೆ ನನ್ನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ ಪಾಠ ಮಾಡಿದಳು. ಮನೆ ಮಾರುವಾಗ ಹಿಂದಿನ ಓನರ್ ಹಾಕಿಸಿದ್ದ ಎರಡು ಸೇಫ್ಟಿ ಸ್ವಿಚ್ಚುಗಳು ಅಲ್ಲಿದ್ದವು. ಮನುಷ್ಯರಿಗೆ ಶಾಕ್ ಹೊಡೆಯದಂತೆ ನೋಡುವುದು ಅವುಗಳ ಕೆಲಸ. ತಂತಿ ತಾಳಲಾರದಷ್ಟು ಭಾರ ಹೊತ್ತಾಗ ಸುಟ್ಟು, ಸಾಕು ಎಂದು ಹೇಳುವುದು ಫ್ಯೂಸಿನ ಕೆಲಸ. ಬಡಪಾಯಿ ಫ್ಯೂಸು ಜೂನ್‌ನಲ್ಲಿ ಅದನ್ನೇ ಹೇಳಿತ್ತು. ನಾನು ಮೂರೆಳೆಯಿಂದ ಅದರ ಬಾಯಿ ಕಟ್ಟಿದೆ. ತರಗತಿಯಲ್ಲಿ ಕೈಯೆತ್ತಿದ ಮಗುವನ್ನು ಗದರಿಸಿ ಕೂರಿಸಿದ ಹಾಗೆ.

ವೈರಿಂಗ್ ಮಾಡಿಸಿದರೆ ಪೂರ್ತಿ ಮಾಡಿಸಬೇಕು, ತೇಪೆ ಹಾಕಿಸಿ ಮಗುವನ್ನು ಕರೆತರುವುದು ಬೇಡ ಎಂದು ಪಟ್ಟು ಹಿಡಿದವಳು ನಾನೇ. ಗಣಿಯಿಂದ ಬಂದ ನಿನ್ನ ಅಪ್ಪನ ಮುಂದೆ ಎಲ್ಲವನ್ನೂ ಇನ್ನೊಮ್ಮೆ ಎದ್ದು ನಿಂತು ಹೇಳಿದೆ. ಅವನು ಪೂರ್ತಿ ಕೇಳಿ, “ಅತ್ತೆ, ಈ ಮನೆ ವೈರಿಂಗ್ ನೋಡಿಸ್ಬೇಕು ಅಂತ ವರ್ಷದಿಂದ ಮುಂದೆ ಹಾಕ್ತಿದ್ದೆ. ತಪ್ಪು ನಂದೂ ಇದೆ” ಎಂದ. ಬಂಗಾರದಂಥ ಅಳಿಯ. ಅಟ್ಟದ ಮೇಲಿಂದ ಅರವತ್ತು ವರ್ಷದ ಧೂಳಿನೊಂದಿಗೆ ಹಳೆಯ ತಂತಿಗಳು ಇಳಿದವು. ಹೀಟರ್ ಪ್ಲಗ್ಗಿನ ಮೇಲ್ಗಡೆಯ ಒಂದು ಮರದ ತೊಲೆ ಕಪ್ಪಗಾಗತೊಡಗಿತ್ತು. ಅದನ್ನು ಡೆಬ್ಬಿ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದಳು.

ಕೆಲಸ ನಡೆದ ಐದು ದಿನವೂ ಡೆಬ್ಬಿಗೆ ಬೆಳಗ್ಗೆ ಫಿಲ್ಟರ್ ಕಾಫಿ, ಮಧ್ಯಾಹ್ನ ಚಿತ್ರಾನ್ನವೋ ಬಿಸಿಬೇಳೆಬಾತೋ. ಈಗ ಹೀಟರಿಗೆ ಬೇರೆ ಲೈನು, ಓವನ್ನಿಗೆ ಬೇರೆ, ಒಂದೊಂದಕ್ಕೂ ಅದರದೇ ಸ್ವಿಚ್ಚು. ಭಾರ ಹೆಚ್ಚಾದರೂ ಬೀಳುತ್ತದೆ, ಮನುಷ್ಯರಿಗೆ ತಾಗಿದರೂ ಬೀಳುತ್ತದೆ. ಹೊಗೆ ಕಂಡರೆ ಕೂಗುವ ಅಲಾರಮ್ಮುಗಳೂ ಬಂದವು, ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ, ಥೇಟ್ ನಮ್ಮ ವಠಾರದ ಹಾಗೆ. ಕೊನೆಯ ದಿನ ಡೆಬ್ಬಿ ಸ್ವಿಚ್ಚುಗಳ ಕೆಳಗೆ ಇಂಗ್ಲಿಷಿನಲ್ಲಿ ಹೆಸರು ಅಂಟಿಸಿ, ನನ್ನ ಕೈಗೆ ಮಾರ್ಕರ್ ಕೊಟ್ಟು, ನಿಮ್ಮ ಭಾಷೆಯಲ್ಲೂ ಬರೆಯಿರಿ ಎಂದಳು. ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ದುಂಡು ಅಕ್ಷರದಲ್ಲಿ ಬರೆದೆ: ಅಡುಗೆಮನೆ. ಹೀಟರ್. ನಿಸರ್ಗಳ ಕೋಣೆ. ಮಗುವಿನ ಕೋಣೆ.

ನಿನಗೆ ಇನ್ನೂ ಹೆಸರಿಟ್ಟಿಲ್ಲ ಕಂದಾ. ಆದರೆ ಈ ಭೂಮಿಯ ಮೇಲೆ ನಿನ್ನದು ಎಂದು ಮೊದಲು ಬರೆದ ಜಾಗ ಅದೇ. ಬಂದಾಗ ತೋರಿಸುತ್ತೇನೆ.

ನಿನ್ನೆ ನಿನ್ನ ಅಮ್ಮನ ಸೀಮಂತ. ಮನೆ ತುಂಬ ಜನ. ಪಿಯಾರಾ ವಾಟರ್ಸ್‌ನ ಹೊಸ ಮನೆಗಳವರೆಲ್ಲ ಬಂದಿದ್ದರು. ಗ್ರೈಂಡರ್, ಓವನ್, ಎರಡು ಕೆಟಲ್, ಅನ್ನದ ಕುಕ್ಕರ್, ಮೂರು ಕೋಣೆಯಲ್ಲಿ ಹೀಟರ್, ಜೊತೆಗೆ ನಿನ್ನ ಅಪ್ಪನ ಕಿವಿ ಕಿತ್ತುಹೋಗುವ ಸ್ಪೀಕರ್, ಎಲ್ಲವೂ ಒಟ್ಟಿಗೇ. ನಾನು ಹೋಳಿಗೆ ಬಡಿಸುವುದು ಬಿಟ್ಟು ಎರಡು ಸಲ ಹೊರಗೆ ಹೋಗಿ ಪೆಟ್ಟಿಗೆ ನೋಡಿ ಬಂದೆ. ಒಂದೂ ಬೀಳಲಿಲ್ಲ. ಗೋಡೆಗೆ ಕೈಯ ಹಿಂಬದಿ ಇಟ್ಟೆ. ತಣ್ಣಗಿತ್ತು! ಗೆದ್ದೆವು ಎಂದು ಅಡುಗೆಮನೆಯಲ್ಲೇ ಕೂಗಿಬಿಟ್ಟೆ. ಬಂದವರಿಗೆಲ್ಲ ಕಥೆ ಹೇಳಿ, ನಿಮ್ಮ ಮನೆಗೆ ಸರಿಯಾದವರನ್ನು ಕರೆದು ತೋರಿಸಿ ಎಂದು ಹೋಂವರ್ಕ್ ಕೊಟ್ಟೆ. ಸೀಮಂತವನ್ನು ವಿಡಿಯೋದಲ್ಲೇ ನೋಡಿದ್ದ ನಿನ್ನ ಅಮ್ಮನ ಗೆಳತಿ ತನ್ವಿ ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಿಂದ ಇವತ್ತೇ ಫೋನ್ ಮಾಡಿದಳು, “ಆಂಟಿ, ಎಲೆಕ್ಟ್ರಿಷಿಯನ್ ಬುಕ್ ಮಾಡ್ಬಿಟ್ಟೆ” ಎಂದು.

ಹಸಿರು ಬಳೆ ತೊಡಿಸುವ ಹೊತ್ತಿಗೆ, ಮೊದಲ ಬಳೆ ಯಾರದು ಎಂದು ಹಿರಿಯರು ಮುಖ ಮುಖ ನೋಡಿಕೊಂಡರು. ನಾನು ನಿಸರ್ಗಳನ್ನು ಕರೆದೆ. ಮದುವೆಯಾಗದ ಹುಡುಗಿ, ಅದೂ ಮೊದಲು ಎಂದು ಯಾರೋ ಗೊಣಗಿದರು. “ಈ ಮಗು ಈ ಮನೆಗೆ ಬರುತ್ತೆ ಅಂದ್ರೆ ಅದು ಇವಳಿಂದ. ಇವಳೇ ಮೊದಲು” ಎಂದೆ. ಹೆಡ್‌ಮಿಸ್ ದನಿಯಲ್ಲಿ ಹೇಳಿದರೆ ಯಾರು ಎದುರಾಡುತ್ತಾರೆ? ವಿಡಿಯೋದಲ್ಲಿ ನಿನ್ನ ಅಜ್ಜ ಚಪ್ಪಾಳೆ ಹೊಡೆದರು.

ಇವತ್ತು ಭಾನುವಾರ, ಒಳ್ಳೆಯ ಬಿಸಿಲು. ಬೆಳಗ್ಗೆ ನಾನೇ ನಿಸರ್ಗಳಿಗೆ ಒಂದು ಹೊಸ ಕಾವಲಿ ಕೊಟ್ಟು, “ಹಿತ್ತಲ ಬಾರ್ಬೆಕ್ಯೂ ಒಲೆ ನಿಂದು. ನಿಮ್ಮಮ್ಮ ಮಾಡೋ ಹಾಗೆ ಮಾಡು, ನೋಡೋಣ” ಎಂದೆ. ಅವಳು ನಂಬಲೇ ಇಲ್ಲ. ಕೊನೆಗೆ ಹೋಗಿ ಬಂಗಡೆ ತಂದು, ಮೆಣಸಿನಕಾಯಿ, ಕೋಕಂ ಅರೆದು ಹಚ್ಚಿ, ನಿಂಬೆಗಿಡದ ಪಕ್ಕ ನಿಂತು ಹುರಿದಳು. ಕಾರವಾರದಿಂದ ಅವಳಮ್ಮ ವಿಡಿಯೋದಲ್ಲಿ, “ಉಪ್ಪು ಸಾಲದು, ತಿರುವಿ ಹಾಕು” ಎಂದು ಗದರುತ್ತಿದ್ದರು. ನಾನು ನಾಲ್ಕು ಹೆಜ್ಜೆ ದೂರ, ಸೆರಗು ಮೂಗಿಗೆ ಹಿಡಿದು ನಿಂತಿದ್ದೆ. ತಿನ್ನುವುದಿಲ್ಲ, ಅದು ನನ್ನಿಂದ ಆಗದು. ಆದರೆ ಸ್ವಲ್ಪ ಹೊತ್ತಿಗೆ ಸೆರಗು ಇಳಿಸಿದೆ. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಬೇಕೆಂದೇ ಆ ವಾಸನೆ ಒಳಗೆಳೆದುಕೊಂಡೆ. ಅಯ್ಯೋ ಮಗೂ, ಎಲ್ಲಿಯ ಬಂಗಡೆ, ಎಲ್ಲಿಯ ಸುಟ್ಟ ಪ್ಲಗ್ಗು! ಒಂದಕ್ಕೊಂದು ಸಂಬಂಧವೇ ಇಲ್ಲ. ಈಗ ನಿನ್ನ ಅಜ್ಜಿಗೂ ಗೊತ್ತು.

ಬಾ ಕಂದಾ, ನಿನ್ನ ಕೋಣೆ ಸಿದ್ಧವಿದೆ. ಬೆಚ್ಚಗೆ ಇರಲು ಹೀಟರ್ ಇದೆ, ಜೋ ಹಾಡಲು ನಾನಿದ್ದೇನೆ, ವಾಸನೆ ಹಿಡಿಯಲು ನಿಸರ್ಗ ಚಿಕ್ಕಿ ಇದ್ದಾಳೆ. ನಿನ್ನ ಮನೆಯ ಗೋಡೆ ತಣ್ಣಗಿರಲಿ, ನಿನ್ನ ಹೆತ್ತವಳ ಹೊಟ್ಟೆ ತಣ್ಣಗಿರಲಿ, ನೀನು ತಣ್ಣಗೆ ಬಾಳು.

ಎದ್ದು ನಿಂತು ಹೇಳಿದ
ನಿನ್ನ ಅಜ್ಜಿ,
ಬನಶಂಕರಿ